ಮಲ್ಲಯ್ಯನವರ ಜೇಬು ಅದುರಲಿಲ್ಲ

ಮಲ್ಲಿಕಾರ್ಜುನಯ್ಯನವರಿಗೆ, ಅಂದರೆ ನಮ್ಮ ಮಲ್ಲಯ್ಯನವರಿಗೆ, ಕಿವಿ ಕೇಳುತ್ತಿರಲಿಲ್ಲ. ಈ ಸಂಗತಿ ಅವರ ಹೆಂಡತಿ ಮಲ್ಲಿಕಾಂಬನವರಿಗೇ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಹೇಳಿದ್ದನ್ನು ಗಂಡ ಕೇಳಿಸಿಕೊಳ್ಳಲಿಲ್ಲ ಎಂದ ಮಾತ್ರಕ್ಕೆ ಅದನ್ನು ಕಿವಿಯ ದೋಷ ಎಂದುಕೊಳ್ಳುವ ಹೆಂಡತಿ ನಮ್ಮ ಅಜ್ಜಂಪುರದಲ್ಲಂತೂ ಇಲ್ಲ. ಎದುರುಮನೆಯ ನನಗೂ ಗೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದರು ಮಹಾನುಭಾವರು.

ಅವರ ಉಪಾಯ ಸರಳವಾಗಿತ್ತು. ಎದುರಿಗೆ ನಿಂತವರ ಬಾಯಿ ನೋಡಿ ಅರ್ಧ ಹಿಡಿಯುತ್ತಿದ್ದರು. ಉಳಿದರ್ಧಕ್ಕೆ ಉತ್ತರಗಳು ಮೊದಲೇ ಸಿದ್ಧವಾಗಿರುತ್ತಿದ್ದವು. ಮಾತಾಡಿದವರ ಮುಖ ಗಂಭೀರವಾಗಿದ್ದರೆ "ನೋಡಾನ." ನಗುತ್ತಿದ್ದರೆ "ಹೌದೌದು." ಮುಖವೇ ಕಾಣದಿದ್ದರೆ "ಒಳ್ಳೇದೇ ಆಯ್ತು ಬಿಡು." ಇಷ್ಟರಲ್ಲೇ ಸಂಸಾರ, ನೆಂಟಸ್ತಿಕೆ, ಬೀದಿ ಪಂಚಾಯಿತಿ ಎಲ್ಲವನ್ನೂ ವರ್ಷಗಟ್ಟಲೆ ತೂಗಿಸಿಕೊಂಡು ಬಂದಿದ್ದರು. ನಾವೂ ಅವರನ್ನು ಮಿತಭಾಷಿ, ತೂಕದ ಮನುಷ್ಯ ಎಂದು ಹೊಗಳುತ್ತಿದ್ದೆವು.

ಕಸುಬಿಗೂ ಕಿವಿ ಬೇಕಿರಲಿಲ್ಲ. ಅವರು ಎತ್ತಿನ ದಲ್ಲಾಳಿ. ನಮ್ಮ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಇಬ್ಬರ ಕೈಯ ಮೇಲೂ ಒಂದು ಟವೆಲ್ ಹಾಕಿಕೊಂಡು ಒಳಗೊಳಗೇ ಬೆರಳು ಒತ್ತಿ ವ್ಯಾಪಾರ ಮಾಡುತ್ತಾರೆ. ಅಂಗೈ ಕೆರೆದರೆ "ಸಾಲದು, ಏರಿಸು" ಎಂದರ್ಥ. ಮುಷ್ಟಿ ಹಿಡಿದರೆ ವ್ಯಾಪಾರ ಕುದುರಿತು. ಸುತ್ತ ನಿಂತವರಿಗೆ ಟವೆಲ್ ಕುಣಿಯುವುದು ಮಾತ್ರ ಕಾಣುತ್ತದೆ. ಮಲ್ಲಯ್ಯನವರು ಜೀವಮಾನವೆಲ್ಲ ಹೀಗೆ ಚರ್ಮದಲ್ಲೇ ಕೇಳಿಸಿಕೊಂಡವರು.

ಟವೆಲಿನ ಆಚೆ ತುದಿಯಲ್ಲಿ ಹೆಚ್ಚಾಗಿ ಇರುತ್ತಿದ್ದ ಕೈ ಯಗಟಿಯ ಕೆಂಚಪ್ಪನದು. ಅವನೂ ದಲ್ಲಾಳಿ. ಇಬ್ಬರೂ ಮೀಸೆ ಬರುವ ಮೊದಲಿನಿಂದ ಜೊತೆಗಾರರು, ಒಂದೇ ಎಲೆಯಲ್ಲಿ ಉಂಡವರು. ಹೋದ ವರ್ಷ ಕೆಂಚಪ್ಪ ತಾನೇ ಸಾಕಿದ ಚೆನ್ನ ಎಂಬ ಎತ್ತನ್ನು ಸಂತೆಗೆ ಹೊಡೆದುಕೊಂಡು ಬಂದ. ದಾವಣಗೆರೆ ಕಡೆಯ ಗಿರಾಕಿ ಮೈಯೆಲ್ಲ ಸವರಿ ನೋಡಿ, ಭುಜದ ಹಿಂದಿನ ಕೂದಲ ಸುಳಿ ಹೇಗೆ ಎಂದು ಮಲ್ಲಯ್ಯನವರನ್ನು ಕೇಳಿದ. ಇವರು ಸತ್ಯ ಹರಿಶ್ಚಂದ್ರರು ನೋಡಿ, ಕನ್ನಡಕವಿಲ್ಲದ ಕಣ್ಣಲ್ಲೇ ಬಗ್ಗಿ ನೋಡಿ, "ಇದು ಯಜಮಾನ್ನ ಮಲಗ್ಸೋ ಸುಳಿ ಕಣಪ್ಪ" ಎಂದುಬಿಟ್ಟರು. ಗಿರಾಕಿ ಮಾಯವಾದ. ಕೆಂಚಪ್ಪ ಎತ್ತಿನ ಹಗ್ಗ ಬಿಚ್ಚಿಕೊಂಡು, "ಲೇ ಮಲ್ಲ, ನಿನ್ನತ್ರ ಇನ್ ಮಾತಾಡಿದ್ರೆ ನನ್ ನಾಲಿಗೆ ಬಿದ್ದೋಗ್ಲಿ" ಎಂದು ಸಂತೆಯ ನಡುವೆ ಕೂಗಿ ಹೊರಟುಹೋದ. ಅಲ್ಲಿಗೆ ಮಾತು ಬಿಟ್ಟರು.

ಮಾತು ಬಿಟ್ಟಿದ್ದು ನಿಜ. ಆದರೆ ಮಾರನೆಯ ಬೆಳಿಗ್ಗೆಯೇ ಮಲ್ಲಯ್ಯನವರ ಬನಿಯನ್ ಜೇಬಿನಲ್ಲಿ ಮೊಬೈಲು ಅದುರಿತು. ಕೆಂಚಪ್ಪನ ಮೆಸೇಜು. ಒಂದೇ ಮಾತು: "ಎದ್ದೆ." ಇವರು ಬಹಳ ಹೊತ್ತು ಅದನ್ನೇ ನೋಡಿ, ಬೆರಳಿನಿಂದ ಕುಟ್ಟಿ ಕುಟ್ಟಿ, "ನಾನೂ" ಎಂದು ಕಳಿಸಿದರು. ಬಾಯಿಂದ ಆಡಿದರೆ ತಾನೇ ಮಾತು? ವೈರಿ ಬದುಕಿದ್ದಾನೋ ಇಲ್ಲವೋ ತಿಳಿಯದೆ ಹಗೆ ಸಾಧಿಸುವುದಾದರೂ ಹೇಗೆ? ಅಂದಿನಿಂದ ದಿನಾ ಬೆಳಿಗ್ಗೆ ಅತ್ತಲಿಂದ "ಎದ್ದೆ", ಇತ್ತಲಿಂದ "ನಾನೂ." ಇದು ಅವರಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಅದುರು ಎದೆಗೆ ತಾಕಿದ ಮೇಲೆಯೇ ಮಲ್ಲಯ್ಯನವರು ಕಾಫಿ ಕುಡಿಯುತ್ತಿದ್ದುದು.

ಒಂದು ಬೆಳಿಗ್ಗೆ ಅದುರಲಿಲ್ಲ.

ಕಾಫಿ ಆರಿಹೋಯಿತು. ಮಲ್ಲಯ್ಯನವರು ಮೊಬೈಲು ತೆಗೆದು ನೋಡಿದರು. ಯಾವುದೋ ಕಂಪನಿಯವರ ಮೆಸೇಜುಗಳು ಸದ್ದಿಲ್ಲದೆ ಬಂದು ಕೂತಿದ್ದವು. ಒಂದೂ ಅದುರಿರಲಿಲ್ಲ. ಕೆಂಚಪ್ಪನದು ಮಾತ್ರ ಬಂದೇ ಇರಲಿಲ್ಲ. ಮಲ್ಲಯ್ಯನವರು ದಲ್ಲಾಳಿಯ ತರ್ಕ ಹೂಡಿದರು: ಅದುರು ಕೆಟ್ಟಿದೆ. ಕಂಪನಿಯವು ಅದುರದೆಯೂ ನುಗ್ಗುವ ಜಾತಿ. ಕೆಂಚಪ್ಪನದು ಮಾನಸ್ಥ ಮೆಸೇಜು, ಅದುರಿಯೇ ಒಳಗೆ ಬರುವಂಥದು. ಆದ್ದರಿಂದ ಅದು ಎಲ್ಲೋ ಹೊರಗೇ ನಿಂತಿದೆ. ಅದುರು ಸರಿಮಾಡಿಸಿದರೆ ಬಂದುಬಿಡುತ್ತದೆ.

ಮಾರನೆಯ ದಿನ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಈರುಳ್ಳಿ ಹೆಚ್ಚುತ್ತಿದ್ದ ಮಲ್ಲಿಕಾಂಬನವರು ಹೇಳಿದರು: "ಕೇಳಿದ್ರಾ? ಯಗಟಿ ಕೆಂಚಪ್ಪಣ್ಣಂಗೆ ಲಕ್ವ ಹೊಡೀತಂತೆ ಕಣ್ರೀ. ಬಲಗೈ ಬಲಗಾಲು ಬಿದ್ದೋಗೈತಂತೆ. ಮಾತೂ ನಿಂತೋಯ್ತಂತೆ. ನೀವು ಮಾತು ಬಿಟ್ಟಿದ್ದೀರಿ, ಆದ್ರೂ ಹೇಳ್ದೆ ಇರಾಕಾಗ್ಲಿಲ್ಲ."

ಮುಖ ಕಾಣುತ್ತಿರಲಿಲ್ಲವಲ್ಲ. ಮಲ್ಲಯ್ಯನವರು ಜೇಬು ಒತ್ತಿಕೊಳ್ಳುತ್ತ, "ಒಳ್ಳೇದೇ ಆಯ್ತು ಬಿಡು" ಎಂದರು.

ಮಲ್ಲಿಕಾಂಬನವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಈರುಳ್ಳಿ ಖಾರವಿರಬೇಕು ಎಂದುಕೊಂಡು ಇವರು ಹೊರಗೆ ನಡೆದರು. ಗೋಡೆಯಾಚೆ ಬಟ್ಟೆ ಒಗೆಯುತ್ತಿದ್ದ ಹಾಲಮ್ಮನಿಗೆ ಎರಡೂ ಮಾತು ಸ್ಪಷ್ಟವಾಗಿ ಕೇಳಿಸಿತ್ತು. ಹಾಲಮ್ಮನ ಕಿವಿಯಲ್ಲಿ ಏನೂ ದೋಷವಿಲ್ಲ, ಬಾಯಲ್ಲೂ ಇಲ್ಲ. ಸಂಜೆಯೊಳಗೆ ಅಜ್ಜಂಪುರಕ್ಕೆಲ್ಲ ಗೊತ್ತಾಯಿತು, ಮಾರನೆಯ ದಿನದ ಬಸ್ಸಿನಲ್ಲಿ ಆ ಮಾತು ಯಗಟಿಗೂ ಹೋಯಿತು. ಎತ್ತಿನ ಸುಳಿ ನೋಡಿ ಶಾಪ ಹಾಕಿದ, ಶಾಪ ಫಲಿಸಿದ ಮೇಲೆ ಒಳ್ಳೆಯದಾಯಿತು ಎಂದ, ಇವನೆಂಥ ಮನುಷ್ಯ ಎಂದು ನಾವೆಲ್ಲ ಬೈದುಕೊಂಡೆವು. ನಾನಂತೂ ಅವರ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುವಷ್ಟು ಸಿಟ್ಟಾಗಿದ್ದೆ.

ಇತ್ತ ಮಲ್ಲಯ್ಯನವರು ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋದರು. ಅಲ್ಲಿದ್ದ ಅಶ್ವಿನಿ ಎಂಬ ಹುಡುಗಿ ಮೊಬೈಲು ತಿರುಗಿಸಿ ಮುರುಗಿಸಿ ನೋಡಿ, "ಅದುರೋದು ಯಾಕ್ ಬೇಕು ತಾತ? ಜೋರಾಗಿ ಸೌಂಡ್ ಇಟ್ಕೊಡ್ತೀನಿ" ಎಂದಳು.

"ಸೌಂಡ್ ಬ್ಯಾಡ. ಅದುರ್ಬೇಕು."

"ಕೇಳ್ಸುತ್ತಲ್ಲ ತಾತ, ಇನ್ನೇನು?"

ಕೇಳಿಸುವುದಿಲ್ಲ ಎಂದು ಮೊಮ್ಮಗಳ ವಯಸ್ಸಿನ ಹುಡುಗಿಯ ಮುಂದೆ ಹೇಳುವುದು ಸಾಧ್ಯವೇ? "ಹೌದೌದು" ಎಂದರು. ಅಶ್ವಿನಿ ಮದುವೆ ಮನೆಯ ಓಲಗವನ್ನು ಪೂರ್ತಿ ಜೋರಿಗೆ ಇಟ್ಟುಕೊಟ್ಟಳು. ಅದುರು ಬೇಕೇ ಬೇಕಿದ್ದರೆ ತರೀಕೆರೆಯ ದೊಡ್ಡ ಅಂಗಡಿಗೆ ಹೋಗಿ ಎಂದಳು.

ಆ ವಾರವೇ ತೆಂಗು ಬೆಳೆಗಾರರ ಸಂಘದ ನಿರ್ದೇಶಕರೊಬ್ಬರು ತೀರಿಕೊಂಡಿದ್ದರು. ಶ್ರದ್ಧಾಂಜಲಿ ಸಭೆ. ಅಧ್ಯಕ್ಷ ನಾಗೇಶ್ ಮೃತರ ಗುಣಗಾನ ಮಾಡಿ, ಎಲ್ಲರೂ ಎದ್ದು ಮೌನ ಆಚರಿಸಬೇಕು ಎಂದ. ಎಲ್ಲರೂ ತಲೆ ತಗ್ಗಿಸಿ ನಿಂತೆವು. ಮೃತರ ಮಗ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ಆಗ ಓಲಗ ಶುರುವಾಯಿತು.

ಪೀಪಿ, ಡೋಲು, ತಾಳ ಎಲ್ಲ ಸೇರಿ ಮಾಂಗಲ್ಯಧಾರಣೆಯ ಹೊತ್ತಿಗೆ ಊದುವಂಥದು. ಸಭೆಯೆಲ್ಲ ತಲೆಯೆತ್ತಿ ನೋಡಿತು. ಓಲಗ ಬರುತ್ತಿದ್ದುದು ಮಲ್ಲಯ್ಯನವರ ಎದೆಯಿಂದ. ಅವರೊಬ್ಬರು ಮಾತ್ರ ತಲೆ ತಗ್ಗಿಸಿ ಅತ್ಯಂತ ಶ್ರದ್ಧೆಯಿಂದ ನಿಂತಿದ್ದರು.

"ಮಲ್ಲಯ್ಯನೋರೇ!" ಎಂದ ನಾಗೇಶ್. ಅಲುಗಲಿಲ್ಲ. "ಮಲ್ಲಯ್ಯನೋರೇ, ನಿಮ್ಮನ್ನೇ ಕಣ್ರೀ!" ಇಲ್ಲ. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಮಲ್ಲಯ್ಯನವರಿಗೆ ಮೊಬೈಲಿನ ಮೇಲೆ ಅನುಮಾನ ಬಂತು. ಅದುರುತ್ತಿದೆಯೋ ಏನೋ ಎಂದು ಅಂಗೈಯನ್ನು ಎದೆಗೆ ಬಲವಾಗಿ ಒತ್ತಿ, ಉಸಿರು ಬಿಗಿಹಿಡಿದು, ಕಣ್ಣು ಅರಳಿಸಿ ನಿಂತರು.

"ಅಯ್ಯಯ್ಯೋ, ಹಾರ್ಟು!" ಎಂದು ನಾಗೇಶ್ ಕಿರುಚಿದ. "ಹಿಡ್ಕಳ್ರೋ! ಒಬ್ರಿಗೆ ಮಾಡ್ತಿರೋ ಮೌನವೇ ಮುಗಿದಿಲ್ಲ, ಇನ್ನೊಬ್ರುದು ಬ್ಯಾಡ ಕಣ್ರಪ್ಪಾ! ಆಂಬುಲೆನ್ಸ್ ಕರೀರಿ!"

"ಕೆಂಚಪ್ಪಂಗೆ ಅಂದಿದ್ದು ತಿರುಗಿ ಹೊಡೀತು ನೋಡು," ಎಂದರು ಹಿಂದಿನ ಸಾಲಿನಲ್ಲಿ ಯಾರೋ. ನನಗೂ ಹಾಗೇ ಅನ್ನಿಸಿತು. ಎಷ್ಟೇ ಸಿಟ್ಟಿದ್ದರೂ ಎದುರುಮನೆಯವರಲ್ಲವೇ, ನಾನೇ ತೋಳು ಹಿಡಿದು ಹೊರಗೆ ಕರೆತಂದೆ. ಬಿಳಿ ಗಾಡಿ ಕಂಡು ಅವರು ಗಾಬರಿಯಾದರು.

"ಎಲ್ಲಿಗೋ ಇದು?"

"ತರೀಕೆರೆಗೆ," ಎಂದೆ ಮುಖದ ಮುಂದೆ ನಿಂತು.

ಮಲ್ಲಯ್ಯನವರ ಮುಖ ಅರಳಿತು. "ತರೀಕೆರೆಗಾ? ನಡಿ ಮತ್ತೆ!" ಎಂದು ತಾವೇ ಹತ್ತಿದರು. ಮಲಗಿಸಲು ಬಂದವನನ್ನು ದಬ್ಬಿ ಕಿಟಕಿಯ ಪಕ್ಕ ಕೂತರು. ಸುದ್ದಿ ಕೇಳಿ ಓಡಿಬಂದ ಮಲ್ಲಿಕಾಂಬನವರು ಅಳುತ್ತ ಎದುರಿಗೆ ಕೂತರು. ದಾರಿಯುದ್ದಕ್ಕೂ ಆಕೆ ಲಿಂಗ ಹಿಡಿದುಕೊಂಡು ಶಿವಶಿವಾ ಎನ್ನುತ್ತಿದ್ದರೆ, ಇವರು ಅಂಗಡಿ ಎಷ್ಟೊತ್ತಿಗೆ ಬಾಗಿಲು ಹಾಕುತ್ತಾರೋ ಎಂದು ಪೇಚಾಡುತ್ತಿದ್ದರು. ಸಾಯುವ ಹೊತ್ತಿನಲ್ಲಿ ಮನುಷ್ಯನಿಗೆ ಏನೇನೋ ತೋಚುತ್ತದೆ ಎಂದು ನಾನು ಸಮಾಧಾನ ಹೇಳಿದೆ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿದರು. "ಮೊದ್ಲು ಮೊಬೈಲ್ ನೋಡಿ ಡಾಕ್ಟ್ರವ್ವಾ, ಎದೆ ಆಮೇಲ್ ನೋಡಿದ್ರಾಯ್ತು," ಎಂದರು ಮಲ್ಲಯ್ಯನವರು. ಡಾಕ್ಟರ್ ಭುವನಾ ಮೊದಲು ಎದೆಯನ್ನೇ ನೋಡಿ, ಬೆನ್ನ ಹಿಂದೆ ನಿಂತು ಏನೇನೋ ಕೇಳಿ, ಉತ್ತರ ಬಾರದ್ದು ಕಂಡು ನಿಧಾನವಾಗಿ ಹೇಳಿದರು: "ಹಾರ್ಟ್ ಚೆನ್ನಾಗಿದೆ. ಇವರಿಗೆ ಕಿವಿ ಕೇಳಿಸಲ್ಲ ಅನ್ಸುತ್ತೆ. ಅದನ್ನ ತೋರಿಸಿ."

"ಅಯ್ಯೋ, ನಮ್ ಯಜಮಾನ್ರು ಹಂಗೇ ಡಾಕ್ಟ್ರೇ," ಎಂದರು ಮಲ್ಲಿಕಾಂಬ. "ಮದ್ವೆಯಾದಾಗಿಂದ ನಾನ್ ಹೇಳಿದ್ದೂ ಕೇಳಿಸ್ಕಂಡಿಲ್ಲ."

"ಒಳ್ಳೇದೇ ಆಯ್ತು ಬಿಡಿ," ಎಂದರು ಮಲ್ಲಯ್ಯನವರು ಗೋಡೆ ನೋಡುತ್ತ.

ಹೊರಗೆ ಬಂದರೆ ಮಲ್ಲಿಕಾಂಬನವರ ತಮ್ಮ ರುದ್ರಮೂರ್ತಿ ಬೈಕಿನಲ್ಲಿ ಓಡಿಬಂದಿದ್ದ. ಒಂದು ಕೈಯಲ್ಲಿ ಎಳನೀರು, ಇನ್ನೊಂದು ಕೈಯಲ್ಲಿ ಚೀಲ. ಚೀಲದ ಬಾಯಿಂದ ಸೇವಂತಿಗೆ ಹಾರ ಇಣುಕುತ್ತಿತ್ತು.

"ಏನೋ ಇದು?" ಎಂದರು ಅಕ್ಕ.

ರುದ್ರಮೂರ್ತಿ ಬೆವರಿದ. "ಫೋನಲ್ಲಿ ಸರಿಯಾಗಿ ಹೇಳ್ಲಿಲ್ಲ ಕಣಕ್ಕ. ಬದುಕಿದ್ರೆ ಎಳನೀರು ಇರ್ಲಿ, ಅಕಸ್ಮಾತ್... ಮತ್ತೆ ಮತ್ತೆ ಪೇಟೆಗೆ ಓಡೋದು ಯಾಕೆ ಅಂತ ಎರಡೂ ತಂದೆ."

ಮಲ್ಲಯ್ಯನವರು ಎಳನೀರು ಕುಡಿದರು. ಹಾರ ನೋಡಿ, ಆಸ್ಪತ್ರೆಯಿಂದ ಗುಣವಾಗಿ ಬಂದವರಿಗೆ ಹಾಕುವ ಹೊಸ ಪದ್ಧತಿ ಇರಬೇಕೆಂದು ಕತ್ತು ಮುಂದೆ ಚಾಚಿದರು. ಮಲ್ಲಿಕಾಂಬನವರು ತಮ್ಮನ ಬೆನ್ನಿಗೆ ಗುದ್ದಿದರು.

ತರೀಕೆರೆಯ ಅಂಗಡಿಯವನು ಒಳಗಿನ ಮೋಟರೇ ಹೋಗಿದೆ, ಹೊಸ ಸೆಟ್ಟು ತಗೊಳ್ಳಿ ಎಂದ. ಮಲ್ಲಯ್ಯನವರು ಕೇಳಲಿಲ್ಲ. ಹೊಸದಕ್ಕೆ ಬರಲು ಕೆಂಚಪ್ಪನ ಮೆಸೇಜಿಗೆ ದಾರಿ ಗೊತ್ತಾಗುವುದಿಲ್ಲ ಎಂಬುದು ಅವರ ಭಯ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕಡೂರಿನಲ್ಲಿ ಹೊನ್ನೇಶ್ ಎಂಬುವನು ರಿಪೇರಿ ಮಾಡುತ್ತಾನೆ ಎಂದು ಯಾರೋ ಅಂದದ್ದೇ ತಡ, ಬಸ್ಸು ಹತ್ತಿಬಿಟ್ಟರು. ಬೇರೆ ದಾರಿಯಿಲ್ಲದೆ ಹೆಂಡತಿ, ಬೈಕು ಅಲ್ಲೇ ಬಿಟ್ಟ ಬಾಮೈದ, ಹಾರ, ನಾನು, ಎಲ್ಲ ಹಿಂದಿನಿಂದ ಹತ್ತಿದೆವು. ಎದೆ ಹಿಡಿದುಕೊಂಡು ನಿಂತ ಮನುಷ್ಯ ಮೊಬೈಲು ಮೊಬೈಲು ಎಂದು ತಾಲ್ಲೂಕು ತಾಲ್ಲೂಕು ಅಲೆಯುತ್ತಿದ್ದಾನೆ, ತಲೆಗೇ ಏರಿರಬೇಕು ಎಂದು ಬೀರೂರು ದಾಟುವವರೆಗೂ ನಾವು ಅವರ ಎದುರಿಗೇ ಚರ್ಚೆ ಮಾಡಿದೆವು. ಅವರು "ಹೌದೌದು" ಎಂದು ತಲೆದೂಗಿದರು.

ಹೊನ್ನೇಶ್ ಮೊಬೈಲು ಬಿಚ್ಚಲೂ ಇಲ್ಲ. ಎರಡು ಕಡೆ ಒತ್ತಿ, ಓಲಗ ತೆಗೆದು ವಾಪಸ್ ಕೊಟ್ಟ. "ಮೋಟ್ರು ಚೆನ್ನಾಗೈತೆ. ವೈಬ್ರೇಷನ್ ಆಫ್ ಆಗಿತ್ತು ಅಷ್ಟೇ. ಜೇಬಲ್ಲಿ ಒತ್ತಿ ಒತ್ತಿ ನೀವೇ ಆಫ್ ಮಾಡ್ಕಂಡಿದ್ದೀರ." ಎಂದವನು ತನ್ನ ಮೊಬೈಲಿನಿಂದ ಒಂದು ಮೆಸೇಜು ಕಳಿಸಿದ.

ಮಲ್ಲಯ್ಯನವರ ಬನಿಯನ್ ಜೇಬು ಅದುರಿತು. ಅಷ್ಟು ದಿನ ಗಂಟಿಕ್ಕಿದ್ದ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ಕಣ್ಣಲ್ಲಿ ನೀರು ಬಂತು. "ಬಂತು, ಬಂತು!" ಎಂದರು. ಆಮೇಲೆ ಹೊನ್ನೇಶನ ಬಾಯಿಯನ್ನೇ ನೋಡುತ್ತ ಕೇಳಿದರು: "ಇನ್ನು ಹೊರಗೆ ನಿಂತಿರೋ ಹಳೇವೂ ಬತ್ತವಾ?"

"ಯಾವ ಹಳೇವು?"

ಮೊಬೈಲು ಮುಂದೆ ಹಿಡಿದರು. ಮಲ್ಲಿಕಾಂಬನವರು ಬಗ್ಗಿ ನೋಡಿದರು. ನಾನೂ ನೋಡಿದೆ. ಮೇಲೆ ಕೆಂಚಪ್ಪನ ಹೆಸರು. ಕೆಳಗೆ ಎದ್ದೆ, ನಾನೂ, ಎದ್ದೆ, ನಾನೂ, ಎದ್ದೆ, ನಾನೂ. ಬೆರಳಿನಿಂದ ಸರಿಸಿದಷ್ಟೂ ಮುಗಿಯಲಿಲ್ಲ. ಕೊನೆಯಲ್ಲಿ ಮಲ್ಲಯ್ಯನವರದೇ ಮೆಸೇಜುಗಳು ಸಾಲಾಗಿ ನಿಂತಿದ್ದವು. ನಾನೂ. ನಾನೂ. ನಾನೂ. ಅತ್ತಲಿಂದ ಏನೂ ಇರಲಿಲ್ಲ.

"ಅಲ್ಲಿಂದ ಕಳ್ಸಿದ್ರೆ ತಾನೇ ಬರೋದು ಅಜ್ಜ," ಎಂದ ಹೊನ್ನೇಶ್.

ಮಲ್ಲಿಕಾಂಬನವರು ಗಂಡನ ಎರಡೂ ಭುಜ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. "ಕೆಂಚಪ್ಪಣ್ಣ ಎದ್ದಿಲ್ಲ ಕಣ್ರೀ. ಲಕ್ವ ಹೊಡೆದು ಮಲ್ಗವ್ರೆ. ಅವತ್ತೇ ಹೇಳ್ಲಿಲ್ವಾ ನಾನು? ಒಳ್ಳೇದೇ ಆಯ್ತು ಬಿಡು ಅಂದ್ರಲ್ಲ ನೀವು!"

ಮಲ್ಲಯ್ಯನವರು ಹೆಂಡತಿಯ ಬಾಯಿಯನ್ನು ನೋಡುತ್ತಲೇ ನಿಂತರು. ಅವರ ಹತ್ತಿರ ಇದ್ದ ಯಾವ ಉತ್ತರವೂ ಇದಕ್ಕೆ ಹೊಂದುತ್ತಿರಲಿಲ್ಲ.

"ನಂಗೆ ಕೇಳಿಸ್ಲಿಲ್ಲ ಕಣೇ," ಎಂದರು. "ನಂಗೆ ಕಿವಿ ಕೇಳ್ಸಲ್ಲ. ಭಾಳ ದಿನ ಆಯ್ತು."

ಮಲ್ಲಿಕಾಂಬನವರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತರು. ಹಾಗಾದರೆ ಇಷ್ಟು ವರ್ಷ ತಾನು ಹೇಳಿಕೊಂಡ ಕಷ್ಟಸುಖವೆಲ್ಲ ಎಲ್ಲಿಗೆ ಹೋಯಿತು ಎಂಬ ದುಃಖವೂ ಅದರಲ್ಲಿ ಸೇರಿತ್ತು. ನಾವು ಯಗಟಿ ಬಸ್ಸು ಹಿಡಿದೆವು.

ಯಗಟಿಯಲ್ಲಿ ಕೆಂಚಪ್ಪನ ಮನೆ ಮುಂದೆ ಜನ ನೆರೆದಿತ್ತು. ಚೆನ್ನನನ್ನು ಬೇಲಿಗೆ ಕಟ್ಟಿದ್ದರು. ಯಜಮಾನನನ್ನು ಮಲಗಿಸಿದ ಎತ್ತು ಮನೆಯಲ್ಲಿರಬಾರದು ಎಂದು ನೆಂಟರೆಲ್ಲ ತೀರ್ಮಾನಿಸಿ, ಯಾರೋ ಅದನ್ನು ಲಾರಿಗೆ ಹತ್ತಿಸಿಕೊಂಡು ಹೋಗಲು ಬರುವವರಿದ್ದರು. ಲಾರಿ ಯಾವ ಕಡೆಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿ ಕೆಂಚಪ್ಪನ ಹೆಂಡತಿ ಜಯಲಕ್ಷ್ಮಮ್ಮ ನಿಂತಿದ್ದರು. ಮಲ್ಲಯ್ಯನವರನ್ನು ಕಂಡದ್ದೇ ಮುಖ ಆ ಕಡೆ ತಿರುಗಿಸಿ ಹೇಳಿದರು: "ಬಂದ್ರಾ? ಸಾಯೋದೊಂದ್ ಬಾಕಿ ಐತೆ, ಅದನ್ನೂ ನೋಡ್ಕಂಡೇ ಹೋಗಿ."

ಮುಖ ಕಾಣಲಿಲ್ಲ. ರೂಢಿ ನೋಡಿ, ಮಲ್ಲಯ್ಯನವರ ಬಾಯಿ ತಾನಾಗಿ ತೆರೆಯಿತು. "ಒಳ್ಳೇ" ಎನ್ನುವಷ್ಟರಲ್ಲಿ ಮಲ್ಲಿಕಾಂಬನವರು ಹಾರಿಬಂದು ಅಂಗೈಯಿಂದ ಆ ಬಾಯಿ ಮುಚ್ಚಿದರು.

ಕೈ ಸರಿಸಿಕೊಂಡು ಮಲ್ಲಯ್ಯನವರು ಬೀದಿಗೆಲ್ಲ ಕೇಳುವಂತೆ ಕೂಗಿದರು. ಕಿವಿ ಹೋದವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. "ಜಯಮ್ಮ, ನಾನು ಕಿವುಡ ಕಣವ್ವ! ಇವ್ಳು ಹೇಳಿದ್ದು ನಂಗೆ ಕೇಳಿಸ್ಲೇ ಇಲ್ಲ. ಕೇಳಿಸ್ದೋನಂಗೆ ನಾಟಕ ಆಡ್ಕಂಡು ಹಾಳಾಗೋದೆ. ಬೈಯೋದಿದ್ರೆ ಮುಂದೆ ಬಂದು ಬೈಯಿ, ಬಾಯಿ ನೋಡ್ತೀನಿ."

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. ಜಯಲಕ್ಷ್ಮಮ್ಮ ನಗಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತರು.

ಕೆಂಚಪ್ಪ ಮಂಚದ ಮೇಲಿದ್ದ. ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವನಿಗೆ ಮಾತಿಲ್ಲ, ಇವರಿಗೆ ಕಿವಿಯಿಲ್ಲ. ಏನು ಮಾಡುತ್ತಾರೋ ಎಂದು ನಾವು ನೋಡುತ್ತಿದ್ದರೆ ಮಲ್ಲಯ್ಯನವರು ಹೆಗಲ ಟವೆಲ್ ತೆಗೆದು, ಕೆಂಚಪ್ಪನ ಎಡಗೈ ಹಿಡಿದು, ಎರಡೂ ಕೈ ಮೇಲೆ ಅದನ್ನು ಹಾಕಿದರು.

ಟವೆಲ್ ಸ್ವಲ್ಪ ಅಲುಗಿತು. ಮಲ್ಲಯ್ಯನವರು ಮುಷ್ಟಿ ಹಿಡಿದಿರಬೇಕು. ಮುಗಿಸಿಬಿಡೋಣ ಬಾ ಎಂದಿರಬೇಕು. ಆಮೇಲೆ ಅವರ ಮುಖ ಸಪ್ಪಗಾಯಿತು. "ಕೆರೀತವ್ನೆ," ಎಂದರು ನಮ್ಮ ಕಡೆ ತಿರುಗಿ. "ಸಾಲ್ದಂತೆ. ಏರಿಸ್ಬೇಕಂತೆ."

ಕೆಂಚಪ್ಪನ ಕಣ್ಣು ಬಾಗಿಲಾಚೆಯ ಬೇಲಿಯ ಮೇಲಿತ್ತು.

ಮಲ್ಲಯ್ಯನವರು ಎದ್ದು ಹೊರಗೆ ಬಂದ ರಭಸಕ್ಕೆ ಜನ ದಾರಿ ಬಿಟ್ಟಿತು. ನನ್ನ ಕನ್ನಡಕ ಕಿತ್ತುಕೊಂಡು ಹಾಕಿಕೊಂಡು ಎತ್ತಿನ ಭುಜದ ಹಿಂದೆ ಬಗ್ಗಿದರು. ಕೂದಲು ಸವರಿ ನೋಡಿದರು, ಮತ್ತೆ ನೋಡಿದರು. "ಎಲ್ಲಾರೂ ಕೇಳ್ರಪ್ಪೋ! ಅವತ್ತು ನಾನು ಹೇಳಿದ್ದು ತಪ್ಪು. ಈ ಸುಳೀಲಿ ಏನೂ ದೋಷ ಇಲ್ಲ. ಕಣ್ಣೂ ಕಿವಿ ಎರಡೂ ಹೋಗಿರೋ ದಲ್ಲಾಳಿ ಮಾತು ಕಟ್ಕಂಡು ಎತ್ತು ಕಳ್ಕೋಬ್ಯಾಡ್ರಿ!"

"ಮತ್ತೆ ಅವ್ರನ್ನ ಮಲಗ್ಸಿದ್ದೇನು?" ಎಂದರು ಜಯಲಕ್ಷ್ಮಮ್ಮ, ಈ ಸಲ ಮುಂದೆ ಬಂದು ನಿಂತು.

"ಅವ್ನು ಬಿ.ಪಿ. ಮಾತ್ರೆ ನುಂಗ್ದೆ ಬೀಡಿ ಸೇದಿದ್ದು ಮಲಗ್ಸಿತು ಕಣವ್ವ! ಎತ್ತೇನ್ ಬೀಡಿ ಹಚ್ಚಿಕೊಡ್ತಾ?"

ಮಲ್ಲಯ್ಯನವರು ಸುತ್ತ ನೋಡಿ, ರುದ್ರಮೂರ್ತಿಯ ಚೀಲಕ್ಕೆ ಕೈಹಾಕಿ, ತಮ್ಮ ಕತ್ತಿಗೆಂದು ಬಂದಿದ್ದ ಆ ಬಾಡಿದ ಸೇವಂತಿಗೆ ಹಾರವನ್ನು ಚೆನ್ನನ ಕತ್ತಿಗೆ ಹಾಕಿ ಕೈಮುಗಿದರು. ಮಲ್ಲಿಕಾಂಬನವರೂ ಕೈಮುಗಿದರು. ಬಸವಣ್ಣನಿಗೆ ಕೈಮುಗಿದ ಮೇಲೆ ಅದನ್ನು ಲಾರಿಗೆ ಹತ್ತಿಸುವ ಧೈರ್ಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಜಯಲಕ್ಷ್ಮಮ್ಮ ತಾವೇ ಹಗ್ಗ ಬಿಚ್ಚಿ ಎತ್ತನ್ನು ಕೊಟ್ಟಿಗೆಗೆ ಹೊಡೆದರು.

ಮಲ್ಲಯ್ಯನವರು ಒಳಗೆ ಬಂದು ಕೂತು ಮತ್ತೆ ಕೈ ಹಿಡಿದು ಟವೆಲ್ ಹಾಕಿದರು. ನಾವೆಲ್ಲ ಬಾಗಿಲಲ್ಲಿ ನಿಂತೆವು. ಬಹಳ ಹೊತ್ತು ಟವೆಲ್ ಅಲುಗಲಿಲ್ಲ. ಅಷ್ಟರಲ್ಲಿ ಮಲ್ಲಯ್ಯನವರ ಜೇಬಿನಲ್ಲಿ ಮೊಬೈಲು ಅದುರಿತು, ಬಾಗಿಲಲ್ಲಿದ್ದ ನಮಗೂ ಕೇಳಿಸಿತು. ಅವರು ಅದನ್ನು ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಕೂತೇ ಇದ್ದರು. ಕೆಂಚಪ್ಪ ಮುಷ್ಟಿ ಹಿಡಿಯಲು ನೋಡುತ್ತಿದ್ದ. ಬೆರಳಲ್ಲಿ ಅಷ್ಟು ಶಕ್ತಿ ಉಳಿದಿರಲಿಲ್ಲ. ಕೊನೆಗೆ ಟವೆಲಿನ ಕೆಳಗೆ ಆ ಕೈ ಸಣ್ಣಗೆ ಅದುರಿತು.

"ನಾನೂ ಕಣೋ," ಎಂದು ಮಲ್ಲಯ್ಯನವರು ಯಗಟಿಗೆಲ್ಲ ಕೇಳುವಂತೆ ಕೂಗಿದರು.